ಅಟ್ಟದಿಂದ ಗಡಿಗೆ: ಮನೋಹರ ಗ್ರಂಥಮಾಲೆಯೂ ಆಯ್ದುಕೊಂಡ ಭಾಷೆಯ ಬರಹಗಾರರೂ

1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ಆ ಊರು ಕರ್ನಾಟಕದಲ್ಲಿರಲಿಲ್ಲ. ಆಡಳಿತದ ನಕ್ಷೆಯ ಮೇಲೆ ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಸೀಮೆಗಳು ಮುಂಬಯಿ ಪ್ರಾಂತದ ತೆಂಕಣ ಅಂಚಿನಲ್ಲಿದ್ದವು. ಬಳ್ಳಾರಿ, ಮಂಗಳೂರು, ಕಾಸರಗೋಡುಗಳು ಮದರಾಸು ಪ್ರಾಂತಕ್ಕೆ, ಕಲಬುರಗಿ, ರಾಯಚೂರು, ಬೀದರಗಳು ಹೈದರಾಬಾದಿನ ನಿಜಾಮರಿಗೆ ಸೇರಿದ್ದವು. ಅಕ್ಕಲಕೋಟೆ, ಜತ್ತ, ಸಾಂಗಲಿ, ಜಮಖಂಡಿ, ಮುಧೋಳಗಳಲ್ಲಿ ಸಂಸ್ಥಾನಿಕರ ಆಳ್ವಿಕೆ. ಮೈಸೂರಿನ ಅರಸರ ನಾಡೊಂದನ್ನು ಬಿಟ್ಟರೆ ಕನ್ನಡವು ಎಲ್ಲೆಡೆಯೂ ಬೇರೊಂದು ದೊಡ್ಡ ಭಾಷೆಯ ನೆರಳಿನಲ್ಲಿ ಬದುಕುತ್ತಿತ್ತು. ಇಂದು ಸೊಲ್ಲಾಪುರದ, ಆದವಾನಿಯ, ತಾಳವಾಡಿಯ ಕನ್ನಡಿಗರನ್ನು ಕುರಿತು 'ಭಾಷಾ ಅಲ್ಪಸಂಖ್ಯಾತರು' ಎಂಬ ಮಾತನ್ನು ಬಳಸುವಾಗ, ಇಪ್ಪತ್ತನೆಯ ಶತಮಾನದ ಮೊದಲರ್ಧದ ಧಾರವಾಡಕ್ಕೂ ಆ ಮಾತು ಹೆಚ್ಚುಕಡಿಮೆ ಹಾಗೆಯೇ ಒಪ್ಪುತ್ತಿತ್ತೆಂಬುದನ್ನು ಮರೆಯುವುದು ಸುಲಭ. ಆಧುನಿಕ ಕನ್ನಡ ಸಾಹಿತ್ಯದ ಒಂದು ಮುಖ್ಯ ಪ್ರಕಾಶನ ಸಂಸ್ಥೆ ಹುಟ್ಟಿದ್ದು ಗಡಿನಾಡಿನ ಸ್ಥಿತಿಯಲ್ಲಿ ಎಂಬ ಸಂಗತಿಯಿಂದಲೇ ಅದರ ಚರಿತ್ರೆಯನ್ನು ಓದತೊಡಗಬೇಕು.

ಆ ಸ್ಥಿತಿಗೆ ಹಿಂದಿನ ಅರ್ಧ ಶತಮಾನದ ಸಿದ್ಧತೆಯಿತ್ತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿಯೇ ಪಾಠದ ಭಾಷೆಯಾಗಿದ್ದ ಕಾಲದಲ್ಲಿ ಶಿಕ್ಷಣ ಇಲಾಖೆಯೊಳಗಿಂದಲೇ ಕನ್ನಡದ ಪರವಾಗಿ ದುಡಿದವರು ಡೆಪ್ಯುಟಿ ಚನ್ನಬಸಪ್ಪನವರು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. ಶಾಲೆ ಬಂದ ಮೇಲೆ ಓದುಗರು ಬಂದರು; ಓದುಗರಿಗೆ ಓದಲು ಪುಸ್ತಕ ಬೇಕಾಯಿತು. ಆ ಅವಶ್ಯಕತೆಯನ್ನು ಮೊದಲಿಗೆ ತುಂಬಿದವರು ಗಳಗನಾಥರು. ಅವರು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಸ್ವತಂತ್ರ ಕಾದಂಬರಿಗಳನ್ನೂ ಬರೆದರು; ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುದು ಉತ್ತರ ಕರ್ನಾಟಕದಲ್ಲಿ ಮನೆಮಾತಾದ ಸಂಗತಿ. ಈ ಚಿತ್ರವನ್ನು ಭಕ್ತಿಯಿಂದ ನೆನೆಯುವವರು ಬಹಳ; ಅದರ ಅರ್ಥವನ್ನು ವಿಚಾರಿಸುವವರು ಕಡಿಮೆ. ಲೇಖಕ, ಪ್ರಕಾಶಕ, ಮಾರಾಟಗಾರ ಮೂವರೂ ಒಬ್ಬನೇ ಆಗಬೇಕಾಗಿದ್ದುದು ಆ ನಾಡಿನಲ್ಲಿ ಪುಸ್ತಕದ ಪೇಟೆಯೆಂಬುದು ಇರಲಿಲ್ಲವೆಂಬುದಕ್ಕೆ ಸಾಕ್ಷಿ. ಮರಾಠಿಗೆ ಪುಣೆ, ಮುಂಬಯಿಗಳ ಪೇಟೆ ಇತ್ತು. ಕನ್ನಡಕ್ಕೆ ಹೆಗಲಿತ್ತು.

1922ರ ಹೊತ್ತಿಗೆ ಧಾರವಾಡದಲ್ಲಿ ಕೂಡಿಕೊಂಡ ಗೆಳೆಯರ ಗುಂಪು ಈ ಕೊರತೆಯನ್ನು ಇನ್ನೊಂದು ಬಗೆಯಲ್ಲಿ ಎದುರಿಸಿತು. ದ. ರಾ. ಬೇಂದ್ರೆಯವರ ಸುತ್ತ ನೆರೆದ ಈ ಬಳಗದಲ್ಲಿ ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿ ಮುಂತಾದವರಿದ್ದರು, ಜಿ. ಬಿ. ಜೋಶಿಯವರೂ ಆ ಬಳಗದವರೇ. ಕೂಡಿ ಓದುವುದು, ಕೂಡಿ ಹಾಡುವುದು, ಕೂಡಿ ಅಚ್ಚುಹಾಕಿಸುವುದು ಗುಂಪಿನ ನಡೆಯಾಗಿತ್ತು. ಬೇಂದ್ರೆಯವರ 'ಗರಿ' ಸಂಕಲನ 1932ರಲ್ಲಿ ಹೊರಬಂದು, ಅದರಲ್ಲಿದ್ದ 'ನರಬಲಿ' ಕವಿತೆಗಾಗಿ ಕವಿ ಸೆರೆಮನೆ ಕಾಣಬೇಕಾಯಿತು. ಕೆಲಸ ಹೋಯಿತು, ಬದುಕು ಕದಡಿತು. ಒಂದು ಸಣ್ಣ ಕವಿತಾ ಸಂಕಲನವು ಸರಕಾರವನ್ನು ಕೆರಳಿಸಬಲ್ಲದು, ಆದರೆ ಕವಿಯನ್ನು ಸಾಕಲಾರದು ಎಂಬ ವಿಪರೀತವನ್ನು ಗುಂಪಿನವರು ಕಣ್ಣಾರೆ ಕಂಡ ದಿನಗಳವು. ಮನೋಹರ ಗ್ರಂಥಮಾಲೆಯ ಹುಟ್ಟು ಇದರ ಬೆನ್ನಿಗೇ ಆದದ್ದು.

'ಮಾಲೆ' ಎಂಬ ಹೆಸರನ್ನು ಅಲಂಕಾರವೆಂದು ಭಾವಿಸಬಾರದು. ಅದು ಒಂದು ವ್ಯವಹಾರ ಕ್ರಮದ ಹೆಸರು. ಓದುಗರು ಮೊದಲೇ ಚಂದಾ ಕೊಟ್ಟು ಸದಸ್ಯರಾಗುವರು. ಆ ಹಣದ ಬಲದ ಮೇಲೆ ವರ್ಷದಲ್ಲಿ ಕೆಲವು ಪುಸ್ತಕಗಳು ಅಚ್ಚಾಗಿ ಅವರ ಮನೆಗೆ ಹೋಗುವವು. ಆ ಕಾಲದ ಕನ್ನಡ, ಮರಾಠಿ ಪ್ರಕಾಶನಗಳಲ್ಲಿ ಈ ಕ್ರಮ ಅಪರೂಪವಲ್ಲ. ಆದರೆ ಹೊಸ ಕತೆ, ಹೊಸ ಕವಿತೆಗಳ ಪಾಲಿಗೆ ಅದರಿಂದ ಆದ ಉಪಕಾರವನ್ನು ಸಾಹಿತ್ಯ ಚರಿತ್ರಕಾರರು ಸಾಕಷ್ಟು ಗುರುತಿಸಿಲ್ಲ. ಅಂಗಡಿಯ ಮುಂದೆ ನಿಂತ ಓದುಗ ಕಾದಂಬರಿಯನ್ನು ಕೊಳ್ಳುತ್ತಾನೆ, ನಾಟಕವನ್ನು ಆಡುವುದಕ್ಕಾಗಿ ಕೊಳ್ಳುತ್ತಾನೆ. ಹೆಸರು ಕೇಳದ ಕವಿಯ ಎಂಬತ್ತು ಪುಟದ ಸಂಕಲನವನ್ನು ಕೈಗೆತ್ತಿಕೊಂಡು ಮಗುಚಿ ಮತ್ತೆ ಅಲ್ಲಿಯೇ ಇಡುತ್ತಾನೆ. ಮಾಲೆಯ ಚಂದಾದಾರನಿಗೆ ಆ ಆಯ್ಕೆಯಿಲ್ಲ. ಅವನು ಪುಸ್ತಕಗಳಿಗಲ್ಲ, ಪ್ರಕಾಶಕನ ಅಭಿರುಚಿಗೆ ಹಣ ಕೊಟ್ಟಿರುತ್ತಾನೆ. ಕಾದಂಬರಿಯ ಬೆನ್ನೇರಿ ಕವಿತೆಯೂ, ಹೆಸರಾದವನ ಬೆನ್ನೇರಿ ಹೊಸಬನೂ ಅವನ ಮನೆ ಹೊಗುತ್ತಾರೆ. ಹೀಗೆ ಒತ್ತಾಯದಿಂದ ಬಂದ ಪುಸ್ತಕವನ್ನು ಒಬ್ಬ ಶಾಲಾ ಮಾಸ್ತರನೋ ವಕೀಲನೋ ಬಿಡುವಿನ ಮಧ್ಯಾಹ್ನ ತೆರೆದು ನೋಡುವ ಗಳಿಗೆಯನ್ನು ನಂಬಿಕೊಂಡೇ ಸಣ್ಣ ಪ್ರಕಾಶನಗಳು ಬದುಕಿದವು. ಒಂದು ಲೆಕ್ಕದಲ್ಲಿ ಅದು ಓದುಗನ ಮೇಲಿನ ದಬ್ಬಾಳಿಕೆ. ಆದರೆ ಕನ್ನಡದ ಹೊಸ ಕಾವ್ಯ ಈ ದಬ್ಬಾಳಿಕೆಗೆ ಬಹಳ ಋಣಿಯಾಗಿದೆ.

ಚಂದಾ ಕ್ರಮಕ್ಕೆ ಇನ್ನೊಂದು ಗುಣವಿತ್ತು, ಗಡಿನಾಡಿನ ದೃಷ್ಟಿಯಿಂದ ಅದೇ ಮುಖ್ಯವಾದದ್ದು. ಅದು ಅಂಚೆಯನ್ನು ಅವಲಂಬಿಸಿತ್ತು, ಅಂಗಡಿಯನ್ನಲ್ಲ. ಅಂಚೆಗೆ ಪ್ರಾಂತದ ಗಡಿಯಿಲ್ಲ. ಧಾರವಾಡದಲ್ಲಿ ಕಟ್ಟಿದ ಪುಸ್ತಕದ ಕಟ್ಟಿಗೆ ಮುಂಬಯಿಯ ಮಾಟುಂಗವೂ ಸೊಲ್ಲಾಪುರವೂ ಆದವಾನಿಯೂ ಹುಬ್ಬಳ್ಳಿಯಷ್ಟೇ ಸಮೀಪ. ಕನ್ನಡ ಪುಸ್ತಕದ ಅಂಗಡಿ ಇಲ್ಲದ ಊರಿನಲ್ಲಿ ಕನ್ನಡದ ಓದುಗನಾಗಿ ಉಳಿಯುವುದಕ್ಕೆ ಇದ್ದ ದಾರಿ ಇದೊಂದೇ.

ಸೊಲ್ಲಾಪುರದ ಮಾತು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರಬೇಕು. ಹನ್ನೆರಡನೆಯ ಶತಮಾನದ ಸಿದ್ಧರಾಮನ ಸೊನ್ನಲಿಗೆಯಾದ ಈ ಊರು ಇಪ್ಪತ್ತನೆಯ ಶತಮಾನದಲ್ಲಿ ಬಟ್ಟೆ ಗಿರಣಿಗಳ ನಗರ. ಮರಾಠಿ, ಕನ್ನಡ, ತೆಲುಗು, ಉರ್ದುಗಳು ಅಲ್ಲಿ ಒಂದೇ ಓಣಿಯಲ್ಲಿ ಕೇಳಿಸುತ್ತವೆ. 1944ರಿಂದ 1956ರ ತನಕ ಬೇಂದ್ರೆಯವರು ಅಲ್ಲಿಯ ಡಿ. ಎ. ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಹಿಂದಿನ ವರ್ಷವಷ್ಟೇ ಶಿವಮೊಗ್ಗೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದ ಕವಿಗೆ ನೆಲೆಯಾದ ಕೆಲಸ ದೊರೆತದ್ದು ಮರಾಠಿ ಊರಿನಲ್ಲಿ ಎಂಬುದನ್ನು ಕನ್ನಡನಾಡಿನ ಉಪೇಕ್ಷೆಯೆಂದು ದೂರುವುದು ರೂಢಿ. ದೂರಿಗೆ ಆಧಾರವಿಲ್ಲದಿಲ್ಲ. ಆದರೆ ಬೇಂದ್ರೆಯವರ ಮನೆಮಾತು ಮರಾಠಿ, ಅವರು ಪದವಿ ಪಡೆದದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, ಮರಾಠಿಯಲ್ಲಿಯೂ ಬರೆದವರು. ಅವರ ಪಾಲಿಗೆ ಸೊಲ್ಲಾಪುರ ಪರನಾಡಾಗಿರಲಿಲ್ಲ, ಎರಡು ನುಡಿಗಳ ಸಂಗಮವಾಗಿತ್ತು. ಆ ವರ್ಷಗಳ ಬೆನ್ನಿಗೇ ಬಂದ 'ಅರಳು ಮರಳು', ಐದು ಸಂಕಲನಗಳನ್ನು ಒಳಗೊಂಡ ಆ ದೊಡ್ಡ ಹೊತ್ತಿಗೆ, 1958ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು. ಅದರ ಶಬ್ದಲೀಲೆಯನ್ನು, ಒಂದೇ ಪದ ಎರಡು ದಿಕ್ಕಿಗೆ ಹೊರಳುವ ಆಟವನ್ನು ಓದುವಾಗ, ಕಿವಿಯೊಂದು ಹಗಲಿಡೀ ಎರಡು ಭಾಷೆಗಳ ನಡುವೆ ಇರುವುದರ ಫಲವನ್ನು ಗುರುತಿಸಬಹುದು. ಬೇಂದ್ರೆ ಕಾವ್ಯದ ಅಭ್ಯಾಸಿಗಳು ಸಾಧನಕೇರಿಯ ಬಗ್ಗೆ ಬರೆದಷ್ಟನ್ನು ಸೊಲ್ಲಾಪುರದ ಬಗ್ಗೆ ಬರೆಯದಿರುವುದು ಒಂದು ಲೋಪವೇ ಸರಿ.

ಅದೇ ಸೊಲ್ಲಾಪುರದಲ್ಲಿ 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರ ಬದುಕು ಇದಕ್ಕೆ ಇನ್ನೊಂದು ಮುಖ. ಅವರ ಶಾಲೆಯ ಓದು ಮರಾಠಿಯಲ್ಲಿ. ಕನ್ನಡದ ಅಕ್ಷರವನ್ನು ತಮ್ಮ ಛಲದಿಂದ ಕಲಿತವರು. ವಚನಗಳನ್ನು ಮರಾಠಿಗೆ ತಂದರು, ಸಿದ್ಧರಾಮನನ್ನು ಕುರಿತ ದೀರ್ಘಕಾವ್ಯವನ್ನು ಕನ್ನಡದ ತ್ರಿಪದಿಯಲ್ಲಿ ಬರೆದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದಾಗ ಆ ಪೀಠವನ್ನೇರಿದ ಮೊದಲ ಹೆಂಗಸು ಗಡಿಯಾಚೆಯವರು ಎಂಬ ಸಂಗತಿ ಹೊಸ ರಾಜ್ಯದ ಕನ್ನಡಿಗರನ್ನು ತುಸು ನಾಚಿಸಬೇಕಾಗಿತ್ತು. ತ್ರಿಪದಿಯ ಆಯ್ಕೆಯೂ ಆಕಸ್ಮಿಕವಲ್ಲ. ಭೀಮೆಯ ಈಚೆಗೆ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದವರು, ಬೀಸುವ ಕಲ್ಲಿನ ಮುಂದಿನ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಹೊರತಂದಿದ್ದರು. ಆ ಹಾಡುಗಳನ್ನು ಹಾಡಿದ ಹೆಂಗಸರಿಗೆ ಭೀಮೆ ಒಂದು ಹೊಳೆಯಾಗಿತ್ತೇ ಹೊರತು ಗಡಿಯಾಗಿರಲಿಲ್ಲ. ಅಚ್ಚಿನ ಕನ್ನಡ ತಲುಪದ ಕಡೆ ತ್ರಿಪದಿ ಮೊದಲೇ ಇತ್ತು. ಶಾಲೆಯಲ್ಲಿ ಕನ್ನಡ ಓದದವರೂ ಆ ಲಯವನ್ನು ಬಲ್ಲವರಾಗಿದ್ದರು.

1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆ ಜಾರಿಗೆ ಬಂದಿತು. ಧಾರವಾಡ ಕನ್ನಡದ ರಾಜ್ಯಕ್ಕೆ ಸೇರಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮುಂಬಯಿ ರಾಜ್ಯದಲ್ಲಿ ಉಳಿದು ಮುಂದೆ ಮಹಾರಾಷ್ಟ್ರದ ಪಾಲಾದವು. ಕಾಸರಗೋಡು ಕೇರಳಕ್ಕೆ ಹೋಯಿತು. ಅದೇ ವರ್ಷ ಬೇಂದ್ರೆಯವರು ನಿವೃತ್ತರಾಗಿ ಧಾರವಾಡಕ್ಕೆ ಮರಳಿ ಆಕಾಶವಾಣಿಯ ಸಲಹೆಗಾರರಾದರು. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕೆಲವು ಹಳ್ಳಿಗಳು, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಕನ್ನಡ ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಮಾಡಿದ ಶಿಫಾರಸಿನ ಗತಿ ಎಲ್ಲರಿಗೂ ತಿಳಿದದ್ದೇ. ಅದನ್ನಿಲ್ಲಿ ಮತ್ತೆ ಹೇಳಬೇಕಾದದ್ದಿಲ್ಲ. ಪ್ರಕಾಶನದ ಚರಿತ್ರೆಗೆ ಸಂಬಂಧಿಸಿದ ಸಂಗತಿ ಬೇರೆ. ಧಾರವಾಡ ಅಂದಿಗೆ ಗಡಿನಾಡಾಗಿ ಉಳಿಯಲಿಲ್ಲ. ಮನೋಹರ ಗ್ರಂಥಮಾಲೆ ತನ್ನ ಸ್ಥಳದಿಂದ ಕದಲದೆಯೇ ಅಲ್ಪಸಂಖ್ಯಾತ ಭಾಷೆಯ ಸಂಸ್ಥೆಯಿಂದ ರಾಜ್ಯಭಾಷೆಯ ಸಂಸ್ಥೆಯಾಯಿತು. ಇಂಥ ಹೊತ್ತಿನಲ್ಲಿ ಬಹಳಷ್ಟು ಸಂಸ್ಥೆಗಳು ಪಠ್ಯಪುಸ್ತಕದ ಕಡೆಗೆ, ಸರಕಾರಿ ಖರೀದಿಯ ಕಡೆಗೆ ಹೊರಳುವುದು ಸಹಜ. ಗ್ರಂಥಮಾಲೆ ಹೊರಳಿದ್ದು ಹೊಸ ಬರವಣಿಗೆಯ ಕಡೆಗೆ.

ಈ ಹೊರಳಿಗೆ ಕಾರಣರಾದವರು ಕೀರ್ತಿನಾಥ ಕುರ್ತಕೋಟಿ. ಗದಗಿನಲ್ಲಿ ಹುಟ್ಟಿ, ಗುಜರಾತಿನ ಆನಂದದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರು ಗ್ರಂಥಮಾಲೆಯ ಸಾಹಿತ್ಯ ಸಲಹೆಗಾರರಾದರು. ಸುಭಾಷ ರಸ್ತೆಯ 'ಅಟ್ಟ' ಕನ್ನಡ ಸಾಹಿತ್ಯದಲ್ಲಿ ಒಂದು ವಿಳಾಸಕ್ಕಿಂತ ಹೆಚ್ಚಿನದಾದದ್ದು ಜಿ. ಬಿ. ಮತ್ತು ಕುರ್ತಕೋಟಿಯವರ ಈ ಜೋಡಿಯಿಂದ. ಒಬ್ಬರು 'ಜಡಭರತ'ನೆಂಬ ಹೆಸರಿನಲ್ಲಿ ನಾಟಕ ಬರೆಯುತ್ತಿದ್ದ ಪ್ರಕಾಶಕರು. ಇನ್ನೊಬ್ಬರು ಹಸ್ತಪ್ರತಿಯನ್ನು ವಿಮರ್ಶಕನ ಕಣ್ಣಿನಿಂದ ಓದುವವರು. ಸಂಸ್ಥೆಯ ಬೆಳ್ಳಿಹಬ್ಬದ ನೆನಪಿಗೆ ತಂದ 'ನಡೆದು ಬಂದ ದಾರಿ' ಸಂಪುಟಗಳಲ್ಲಿ ಕುರ್ತಕೋಟಿಯವರು ಬರೆದ 'ಯುಗಧರ್ಮ ಹಾಗೂ ಸಾಹಿತ್ಯದರ್ಶನ' ಹೊಸಗನ್ನಡ ಸಾಹಿತ್ಯದ ಬಗೆಗಿನ ಮುಖ್ಯ ವಿಮರ್ಶೆಗಳಲ್ಲಿ ಒಂದು. ಪ್ರಕಾಶನ ಸಂಸ್ಥೆಯೊಂದು ತನ್ನ ಹಬ್ಬವನ್ನು ಸನ್ಮಾನಗಳಿಂದಲ್ಲದೆ ತಾನು ನಡೆದ ದಾರಿಯ ಪರೀಕ್ಷೆಯಿಂದ ಆಚರಿಸಿದ್ದು ಕನ್ನಡದಲ್ಲಿ ವಿರಳ.

1961ರಲ್ಲಿ ಅಟ್ಟದಿಂದ ಎರಡು ಹೊಸ ಪುಸ್ತಕಗಳು ಬಂದವು. ಒಂದು ಶಾಂತಿನಾಥ ದೇಸಾಯಿಯವರ ಕಾದಂಬರಿ 'ಮುಕ್ತಿ'. ಇನ್ನೊಂದು ಗಿರೀಶ ಕಾರ್ನಾಡರ ನಾಟಕ 'ಯಯಾತಿ'. ಕಾರ್ನಾಡರು ಆಗ ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿ, ಮನೆಮಾತು ಕೊಂಕಣಿ, ಇಂಗ್ಲಿಷಿನ ಕವಿಯಾಗಬೇಕೆಂಬ ಹಂಬಲವಿದ್ದವರು. ತಮ್ಮ ಮೊದಲ ನಾಟಕ ಕನ್ನಡದಲ್ಲಿ ಬಂದದ್ದು ತಮಗೇ ಅಚ್ಚರಿಯಾಯಿತೆಂದು ಅವರು ಹಲವೆಡೆ ಹೇಳಿಕೊಂಡಿದ್ದಾರೆ. ನಾಟಕದ ಮಾತು ಈ ಲೇಖನದ ವ್ಯಾಪ್ತಿಗೆ ಹೊರಗಾದರೂ ಆ ಅಚ್ಚರಿಯಲ್ಲಿ ಪ್ರಕಾಶಕನ ಪಾಲೆಷ್ಟು ಎಂಬ ಪ್ರಶ್ನೆ ಕೇಳತಕ್ಕದ್ದು. ಹೊಸಬನೊಬ್ಬನಿಗೆ ಕನ್ನಡದಲ್ಲಿ ಬರೆಯಬೇಕೆನಿಸುವುದು ಒಂದು. ಬರೆದುದನ್ನು ಗಂಭೀರವಾಗಿ ಓದಿ, ತಿದ್ದಿ, ಅಚ್ಚುಹಾಕುವವರು ಕನ್ನಡದಲ್ಲಿದ್ದಾರೆ ಎಂಬ ಭರವಸೆ ಇನ್ನೊಂದು. ಮುಂದೆ ಏಳು ವರ್ಷ ಮದರಾಸಿನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯದ ಉದ್ಯೋಗಿಯಾಗಿದ್ದಾಗಲೂ, 2011ರಲ್ಲಿ 'ಆಡಾಡತ ಆಯುಷ್ಯ' ಎಂಬ ಆತ್ಮಕತೆ ಬರೆದಾಗಲೂ, ಕಾರ್ನಾಡರ ಕನ್ನಡ ಪುಸ್ತಕಗಳು ಅಟ್ಟದಿಂದಲೇ ಹೊರಬಂದವು.

ದೇಸಾಯಿಯವರ ಸಂಗತಿ ಗಡಿಗೆ ಇನ್ನೂ ಹತ್ತಿರದ್ದು. ಅವರು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿ ಬಹುಕಾಲ ಇದ್ದರು. ಪಾಠ ಇಂಗ್ಲಿಷಿನದು, ಊರು ಮರಾಠಿಯದು, ಕತೆ ಕನ್ನಡದ್ದು. ನವ್ಯ ಸಣ್ಣಕತೆಯ ಮೊದಲಿಗರಲ್ಲಿ ಅವರೊಬ್ಬರು. 1959ರ 'ಮಂಜುಗಡ್ಡೆ' ಸಂಕಲನ ಅದಕ್ಕೆ ಸಾಕ್ಷಿ. 'ಕ್ಷಿತಿಜ'ದ ಮಂದಾಕಿನಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುವವಳು. ತನ್ನ ನೆಲ ಕಣ್ಮರೆಯಾಗಿ ಮುಂದಿನ ನೆಲ ಇನ್ನೂ ಕಾಣಿಸದ ನಡುನೀರಿನಲ್ಲಿ ಆಕೆಯ ಮನಸ್ಸಿನ ಕಟ್ಟುಗಳು ಸಡಿಲುವುದೇ ಆ ಕತೆ. ಎರಡು ಭಾಷೆಗಳ ನಡುವೆ ನಿತ್ಯವೂ ಓಡಾಡುವವನಿಗೆ ಈ ನಡುನೀರು ಹೊಸದಲ್ಲ. ನವ್ಯ ಕತೆಯ ಅನಾಥಪ್ರಜ್ಞೆಯನ್ನು ಪಶ್ಚಿಮದ ಓದಿನ ಫಲವೆಂದು ವಿವರಿಸಿ ಮುಗಿಸುವ ವಿಮರ್ಶೆ, ಅದನ್ನು ಬರೆದವರಲ್ಲಿ ಅನೇಕರು ಮುಂಬಯಿ, ಕೊಲ್ಹಾಪುರ, ಆನಂದ, ಮದರಾಸುಗಳಲ್ಲಿ ಕುಳಿತು, ಸುತ್ತಲಿನ ಮಾತಿನಲ್ಲಿ ಕನ್ನಡವಿಲ್ಲದ ಸ್ಥಿತಿಯಲ್ಲಿ ಬರೆದರೆಂಬುದನ್ನು ಗಣನೆಗೆ ತಂದುಕೊಂಡಿಲ್ಲ.

ಈ ಸ್ಥಿತಿಯ ತುತ್ತತುದಿ ಎ. ಕೆ. ರಾಮಾನುಜನ್. ಮೈಸೂರಿನಲ್ಲಿ ಹುಟ್ಟಿದ ಅವರ ಮನೆಮಾತು ತಮಿಳು, ಬೀದಿಯ ಮಾತು ಕನ್ನಡ, ಓದಿನ ಮಾತು ಇಂಗ್ಲಿಷ್. 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದು, ಆ ಸೀಮೆಯ ಸಾಹಿತಿಗಳ ಒಡನಾಟದಲ್ಲಿ ಬೆಳೆದು, ಮುಂದೆ ಅಮೆರಿಕೆಗೆ ಹೋಗಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ನೆಲೆಸಿದರು. 1966ರಲ್ಲಿ ಅವರ ಮೊದಲ ಇಂಗ್ಲಿಷ್ ಕವಿತಾ ಸಂಕಲನ ಆಕ್ಸ್‌ಫರ್ಡಿನಿಂದ ಹೊರಬಂದಿತು. ಮರುವರ್ಷ ಸಂಗಂ ಕವಿತೆಗಳ ಅನುವಾದ ಬಂದಿತು. 1969ರಲ್ಲಿ ಧಾರವಾಡದ ಅಟ್ಟದಿಂದ 'ಹೊಕ್ಕುಳಲ್ಲಿ ಹೂವಿಲ್ಲ' ಬಂದಿತು. ಈ ಕ್ರಮವನ್ನು ಗಮನಿಸಬೇಕು. ಇಂಗ್ಲಿಷಿನಲ್ಲಿ ಹೆಸರಾಗದವನು ಕನ್ನಡಕ್ಕೆ ಮರಳಿದ ಕತೆಯಲ್ಲ ಇದು. ಇಂಗ್ಲಿಷಿನಲ್ಲಿ ದಾರಿ ತೆರೆದಿದ್ದವನು, ಓದುಗರ ಸಂಖ್ಯೆಯಿಂದಾಗಲಿ ಹಣದಿಂದಾಗಲಿ ಏನನ್ನೂ ಕೊಡಲಾರದ ಒಂದು ಸಣ್ಣ ಪ್ರಕಾಶನಕ್ಕೆ ತನ್ನ ಕನ್ನಡ ಕವಿತೆಗಳನ್ನು ಕೊಟ್ಟದ್ದು.

ಶೀರ್ಷಿಕೆಯೇ ಒಂದು ನಿರಾಕರಣೆ. ಹೊಕ್ಕುಳಿನ ಹೂವು ವಿಷ್ಣುವಿನದು. ಅದರಿಂದ ಬ್ರಹ್ಮ ಹುಟ್ಟಬೇಕು, ಬ್ರಹ್ಮನಿಂದ ಲೋಕ. ಮನುಷ್ಯನ ಹೊಕ್ಕುಳಲ್ಲಿರುವುದು ಕತ್ತರಿಸಿದ ಬಳ್ಳಿಯ ಗುರುತು ಮಾತ್ರ. ನವ್ಯ ಕಾವ್ಯವು ಎತ್ತರದ ದನಿಯಲ್ಲಿ ಪುರಾಣದೊಡನೆ ಜಗಳವಾಡುತ್ತಿದ್ದ ಕಾಲದಲ್ಲಿ ರಾಮಾನುಜನ್ನರು ಅದೇ ಜಗಳವನ್ನು ಊಟದ ಮನೆಯ ದನಿಯಲ್ಲಿ ಆಡಿದರು. ಸಾಲುಗಳು ಮೋಟು, ಮಾತು ದಿನದ ಬಳಕೆಯದು, ಭಾವ ಅರ್ಧಕ್ಕೆ ನಿಂತು ಓದುಗನ ಕಡೆ ನೋಡುವಂಥದು. ಮೊದಲ ಓದಿಗೆ ಇದು ಕವಿತೆಯೇ ಎಂಬ ಅನುಮಾನ ಹುಟ್ಟಿಸುವ ಈ ಕವಿತೆಗಳು ಅಂಗಡಿಯ ಪುಸ್ತಕವಾಗಿ ಬಂದಿದ್ದರೆ ಎಷ್ಟು ಜನರ ಕೈಗೆ ಹೋಗುತ್ತಿದ್ದವು ಎಂದು ಊಹಿಸುವುದು ಕಷ್ಟವೇನಲ್ಲ. ಮಾಲೆಯ ಪುಸ್ತಕವಾಗಿ ಅವು ಹಳೆಯ ಹೆಸರುಗಳ ಜೊತೆಗೆ ಮನೆಯೊಳಗೆ ಬಂದವು. 1977ರಲ್ಲಿ 'ಮತ್ತು ಇತರ ಕವಿತೆಗಳು', 1978ರಲ್ಲಿ 'ಮತ್ತೊಬ್ಬನ ಆತ್ಮಚರಿತ್ರೆ', 1990ರಲ್ಲಿ 'ಕುಂಟೋಬಿಲ್ಲೆ' ಅದೇ ದಾರಿ ಹಿಡಿದವು.

'ಮತ್ತೊಬ್ಬನ ಆತ್ಮಚರಿತ್ರೆ' ಎಂಬ ಆ ಕಿರುಕಾದಂಬರಿಯಲ್ಲಿ ಕತೆ ಹೇಳುವವನ ಹೆಸರು ಕೆ. ಕೆ. ರಾಮಾನುಜನ್, ಎ. ಕೆ. ರಾಮಾನುಜನ್ ಎಂಬೊಬ್ಬ ಅದರಲ್ಲಿ ಪಾತ್ರವಾಗಿ ಬರುತ್ತಾನೆ. ಒಂದೇ ಹೆಸರಿನ ಇಬ್ಬರು, ಒಂದೇ ಬಾಳಿನ ಎರಡು ಹೇಳಿಕೆಗಳು. ವಿಮರ್ಶಕರು ಇದನ್ನು ಕಥನತಂತ್ರವೆಂದು ಚರ್ಚಿಸಿದ್ದಾರೆ. ಗಡಿಯೂರುಗಳ ಓದುಗನಿಗೆ ಇದು ತಂತ್ರವಾಗಿ ತೋರದೆ ವಾಸ್ತವವಾಗಿಯೇ ತೋರಬಹುದು. ಪಡಿತರ ಚೀಟಿಯಲ್ಲಿ ಒಂದು ಭಾಷೆಯ ಕಾಗುಣಿತ, ಮನೆಯ ಬಾಗಿಲ ಮೇಲೆ ಇನ್ನೊಂದರದು. ಶಾಲೆಯಲ್ಲಿ ಕರೆಯುವ ಹೆಸರೊಂದು, ಅಜ್ಜಿ ಕರೆಯುವುದೊಂದು. ಮಂಜೇಶ್ವರದಲ್ಲಿಯೂ ಮಡಕಶಿರದಲ್ಲಿಯೂ ಇದು ದಿನನಿತ್ಯದ ಅನುಭವ.

ಇಷ್ಟೆಲ್ಲ ಹೇಳಿದ ಮೇಲೆ ಅಟ್ಟದ ಇತಿಮಿತಿಯನ್ನೂ ಹೇಳದಿದ್ದರೆ ಚರಿತ್ರೆ ಸ್ತುತಿಪಾಠವಾದೀತು. ಮೇಲೆ ಹೆಸರಿಸಿದ ಬರಹಗಾರರ ಪಾಲಿಗೆ ಗಡಿ ದಾಟುವುದು ಬಹುಮಟ್ಟಿಗೆ ಒಂದು ಆಯ್ಕೆ. ಅವರು ಇಂಗ್ಲಿಷ್ ಓದಿದವರು, ಕಾಲೇಜಿನ ಸಂಬಳವಿದ್ದವರು, ಹೆಚ್ಚಿನಂಶ ಮೇಲ್ಜಾತಿಗಳ ಗಂಡಸರು. ಕನ್ನಡವನ್ನು ಆಯ್ದುಕೊಂಡರು, ಬಿಡಬಹುದಾಗಿದ್ದೂ ಬಿಡಲಿಲ್ಲ; ಅದು ಅವರ ದೊಡ್ಡತನ. ಸೊಲ್ಲಾಪುರದ ಗಿರಣಿಯ ಕನ್ನಡ ಕೂಲಿಯವನಿಗೆ, ಅಕ್ಕಲಕೋಟೆಯ ಒಕ್ಕಲಿಗನಿಗೆ ಅಂಥ ಆಯ್ಕೆ ಇರಲಿಲ್ಲ. ಕನ್ನಡ ಅವರ ಮನೆಯಲ್ಲಿತ್ತು, ಅಕ್ಷರ ಬೇರೆಯವರ ಕೈಯಲ್ಲಿತ್ತು. ಜಯದೇವಿತಾಯಿಯವರಂತೆ ಛಲದಿಂದ ಲಿಪಿ ಗೆದ್ದುಕೊಂಡವರು ಕೆಲವರು. ಉಳಿದವರ ಕತೆ ಹಾಡಾಗಿಯೋ ಪುರಾಣವಾಗಿಯೋ ಬಾಯಲ್ಲಿಯೇ ಉಳಿಯಿತು. ಹಲಸಂಗಿಯವರು ಆ ಬಾಯಿಗೆ ಕಿವಿಗೊಟ್ಟಂತೆ ನವ್ಯರು ಕೊಡಲಿಲ್ಲ. ಎಪ್ಪತ್ತರ ದಶಕದಲ್ಲಿ ದಲಿತ, ಬಂಡಾಯ ಬರಹಗಾರರು ತಮ್ಮ ಪತ್ರಿಕೆಗಳನ್ನೂ ತಮ್ಮ ಪ್ರಕಾಶನಗಳನ್ನೂ ಕಟ್ಟಿಕೊಳ್ಳಬೇಕಾದದ್ದು ಕೇವಲ ಸಿದ್ಧಾಂತದ ಭಿನ್ನತೆಯಿಂದಲ್ಲ. ಚಂದಾದಾರರ ವಲಯಕ್ಕೂ ಒಂದು ಎಲ್ಲೆಯಿರುತ್ತದೆ. ಪ್ರಕಾಶಕನ ಅಭಿರುಚಿಗೆ ಹಣ ಕೊಟ್ಟ ಓದುಗ ತನ್ನಂಥವರ ಅಭಿರುಚಿಗೇ ಕೊಟ್ಟಿರುತ್ತಾನೆ.

ಈಚಿನ ದಶಕಗಳಲ್ಲಿ ಈ ವ್ಯವಸ್ಥೆಯ ಆಧಾರವೇ ಬದಲಾಗಿದೆ. ಚಂದಾದಾರನ ಸ್ಥಾನಕ್ಕೆ ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಬಂದಿದೆ. ಸಣ್ಣ ಪ್ರಕಾಶನಗಳು ಹೊಸ ಕತೆ, ಕವಿತೆಗಳ ಸಂಕಲನವನ್ನು ಧೈರ್ಯವಾಗಿ ಅಚ್ಚಿಗೆ ಕೊಡುವುದರಲ್ಲಿ ಈ ಖರೀದಿಯ ನಿರೀಕ್ಷೆಯ ಪಾಲು ದೊಡ್ಡದು. ಅದು ನಿಂತ ವರ್ಷ, ತಡವಾದ ವರ್ಷ ಪ್ರಕಾಶಕರ ಗೋಳು ಕೇಳಿಸುವುದೂ ಅದಕ್ಕಾಗಿಯೇ. ಕರ್ನಾಟಕದೊಳಗಿನ ಓದುಗನಿಗೆ ಇದರಿಂದ ಲಾಭವಿದೆ: ಪುಸ್ತಕ ತನ್ನ ಊರಿನ ಗ್ರಂಥಾಲಯಕ್ಕೆ ಬಂದು ಬೀಳುತ್ತದೆ. ಆದರೆ ಅಂಚೆ ದಾಟುತ್ತಿದ್ದ ಗಡಿಯನ್ನು ಇಲಾಖೆ ದಾಟಲಾರದು. ಕುಂಬಳೆಯ ಗ್ರಂಥಾಲಯ ಕೇರಳದ ವ್ಯವಸ್ಥೆಗೆ ಸೇರಿದ್ದು, ಜತ್ತದ್ದು ಮಹಾರಾಷ್ಟ್ರದ್ದು, ರಾಯದುರ್ಗದ್ದು ಆಂಧ್ರದ್ದು. ಕನ್ನಡದ ಹೆಸರಿನಲ್ಲಿ ಖರ್ಚಾಗುವ ಹಣದಿಂದ ಅಚ್ಚಾದ ಪುಸ್ತಕ ಕನ್ನಡ ಓದುವವರಿರುವ ಈ ಊರುಗಳ ಹೊಸ್ತಿಲಲ್ಲಿ ನಿಲ್ಲುತ್ತದೆ. 1956ರ ಗೆರೆ ಆಡಳಿತದ್ದಾಗಿತ್ತು. ಪ್ರಕಾಶನದ ಅರ್ಥವ್ಯವಸ್ಥೆಯಲ್ಲಿ ಅದು ಬೇರೂರಿದ್ದು ಹೀಗೆ, ಸದ್ದಿಲ್ಲದೆ.

ಬರಹಗಾರರು ಮಾತ್ರ 1956ರ ಮೊದಲಿನಂತೆಯೇ ಗಡಿ ದಾಟುತ್ತಿದ್ದಾರೆ. ಕಾಸರಗೋಡು ಸೀಮೆಯ ಕಾರಡ್ಕದಲ್ಲಿ ಹುಟ್ಟಿದ ಕೆ. ವಿ. ತಿರುಮಲೇಶರು ಹೈದರಾಬಾದಿನಲ್ಲಿ ಭಾಷಾವಿಜ್ಞಾನದ ಪ್ರಾಧ್ಯಾಪಕರಾಗಿ ಬಾಳಿದವರು. ಅವರ ದೀರ್ಘಕಾವ್ಯ 'ಅಕ್ಷಯ ಕಾವ್ಯ'ವನ್ನು 2010ರಲ್ಲಿ ಪ್ರಕಟಿಸಿದ್ದು ಬೆಂಗಳೂರಿನ ಸಣ್ಣ ಪ್ರಕಾಶನವಾದ ಅಭಿನವ. ಪೇಟೆಯ ಯಾವ ಲೆಕ್ಕಕ್ಕೂ ಸಿಗದ ಆ ಗಾತ್ರದ ಕಾವ್ಯಕ್ಕೆ 2015ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಹುಟ್ಟಿದ್ದು ಕೇರಳಕ್ಕೆ ಸೇರಿದ ಊರು, ಬಾಳಿದ್ದು ತೆಲುಗು ನಾಡು, ಅಚ್ಚಾದದ್ದು ಬೆಂಗಳೂರು: ಸೊಲ್ಲಾಪುರದ ಬೇಂದ್ರೆಯವರ, ಕೊಲ್ಹಾಪುರದ ದೇಸಾಯಿಯವರ ದಾರಿಯೇ ಇದು. ಬರಹ ಒಳಗೆ ಬರುವ ದಾರಿ ತೆರೆದಿದೆ. ಪುಸ್ತಕ ಹೊರಗೆ ಹೋಗುವ ದಾರಿ ಕಿರಿದಾಗಿದೆ.

ಮನೋಹರ ಗ್ರಂಥಮಾಲೆಯನ್ನು ಜಿ. ಬಿ. ಜೋಶಿಯವರ ನಂತರ ಮಗ ರಮಾಕಾಂತ ಜೋಶಿಯವರು ನಡೆಸಿದರು. ಜಿ. ಬಿ.ಯವರೂ ರಾಮಾನುಜನ್ನರೂ ತೀರಿಕೊಂಡದ್ದು ಒಂದೇ ವರ್ಷ, 1993ರಲ್ಲಿ. ಮುದ್ರಿತ ಪುಸ್ತಕವನ್ನು ಕಡಿಮೆ ದರದಲ್ಲಿ ಕಳಿಸಲು ಬರುತ್ತಿದ್ದ ನೋಂದಾಯಿತ ಬುಕ್‌ಪೋಸ್ಟ್ ಸೇವೆಯನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಅದು ನಿಂತ ಹೊತ್ತಿನಲ್ಲಿ ಹೊಸ ಕವಿತೆಗಳ ತೆಳುವಾದ ಸಂಕಲನವೊಂದನ್ನು ಧಾರವಾಡದಿಂದಲೋ ಬೆಂಗಳೂರಿನಿಂದಲೋ ಅಕ್ಕಲಕೋಟೆಯ ಒಬ್ಬ ಓದುಗನಿಗೆ ತಲುಪಿಸಬೇಕಾದರೆ, ಸಾಗಣೆಯ ವೆಚ್ಚ ಪುಸ್ತಕದ ಬೆಲೆಗೆ ಸಮೀಪಕ್ಕೆ ಬಂದು ನಿಲ್ಲುತ್ತಿತ್ತು. ಆ ವ್ಯತ್ಯಾಸವನ್ನು ಪ್ರಕಾಶಕ ಹೊರಬೇಕೋ ಓದುಗ ಹೊರಬೇಕೋ ಎಂಬುದು ಎರಡು ರಾಜ್ಯಗಳ ಯಾವ ಕಡತದಲ್ಲಿಯೂ ಇಲ್ಲದ ಪ್ರಶ್ನೆಯಾಗಿತ್ತು.